ಅಚ್ಚುಮೊಳೆಯವನೂ ಜನರಲ್‌ನ ಮೂರು ಒಗಟೂ

"ಸಾಂತಾ ಬ್ರೀಸಾ ಬಂದರಿನ ಸಮಸ್ತ ಪ್ರಜೆಗಳಿಗೆ ಜನರಲ್ ಬಾಲ್ತಸಾರರ ಅಪ್ಪಣೆ. ಆಸ್ಥಾನಕ್ಕೆ ಒಬ್ಬ ಕವಿ ಬೇಕಾಗಿದ್ದಾನೆ. ಮೂರು ಒಗಟು ಬಿಡಿಸಿದವನಿಗೆ ಕವಿಪೀಠ, ಜೊತೆಗೆ ಅವನು ಬಾಯಿಬಿಟ್ಟು ಕೇಳಿದ್ದೊಂದು. ತಪ್ಪಿದವನಿಗೆ ನೇಣು."

ಸ್ಪ್ಯಾನಿಷ್ ಆಡುವ ಆ ಕಡಲತಡಿಯ ನಾಡಿನಲ್ಲಿ ಹೀಗೆಂದು ಡಂಗುರ ಬಿತ್ತು. ಬಾಲ್ತಸಾರ ಹೆಸರಿಗೆ ಜನರಲ್, ನಡೆಯಲ್ಲಿ ಅರಸ. ಕಿರೀಟದ ಬದಲು ಗರಿಯ ಟೊಪ್ಪಿ, ಅಷ್ಟೇ ವ್ಯತ್ಯಾಸ. ಉತ್ತರಗಳನ್ನು ಮೊದಲೇ ಬರೆದು, ಅರಗಿನ ಮುದ್ರೆ ಒತ್ತಿ, ಬಿಷಪ್ಪರ ಕೈಗೆ ಕೊಟ್ಟಿದ್ದ. ತಾನೆಂಥ ನ್ಯಾಯವಂತ ಎಂದು ಪರದೇಶದ ರಾಯಭಾರಿಗಳು ತಮ್ಮ ಊರಿಗೆ ಬರೆಯಲಿ ಎಂಬ ಆಸೆ ಅವನಿಗೆ.

ಅದೇ ಬಂದರಿನಲ್ಲಿ ಎಲಾದಿಯೋ ಎಂಬ ಇಪ್ಪತ್ತೆರಡರ ತರುಣನಿದ್ದ. ಬಲೆ ಹೆಣೆಯುವವಳ ಮಗ, ಶಾಲೆ ಕಂಡವನಲ್ಲ. ಪತ್ರಿಕೆಯ ಅಚ್ಚುಕೂಟದಲ್ಲಿ ಸೀಸದ ಮೊಳೆ ಜೋಡಿಸುತ್ತ ಅಕ್ಷರ ಕಲಿತ, ಅದೂ ತಿರುಗುಮುರುಗಾಗಿ. ಆಮೇಲೆ ಬಂದರಿನ ಸುದ್ದಿ ಬರೆಯತೊಡಗಿದ. ಸುದ್ದಿಯ ಕೆಳಗೆ ಜಾಗ ಉಳಿದರೆ ನಾಲ್ಕು ಸಾಲು ಪದ್ಯ. ಹಮಾಲಿಗಳು ಮೊದಲು ಪದ್ಯ ಓದಿಸಿಕೊಂಡು ಆಮೇಲೆ ಸುದ್ದಿಗೆ ಬರುತ್ತಿದ್ದರು.

ಹಿಂದಿನ ಚಳಿಗಾಲದಲ್ಲಿ ಜನರಲ್‌ನ ತುಕ್ಕು ಹಿಡಿದ ಹಡಗೊಂದು ನಲವತ್ತೊಂದು ಮಂದಿಯ ಸಮೇತ ಮುಳುಗಿತು. ಏನೂ ಆಗಿಲ್ಲ, ಅವರೆಲ್ಲ ದೂರದ ಬಂದರಿನಲ್ಲಿ ದುಡಿಯುತ್ತಿದ್ದಾರೆ ಎಂದು ಸರ್ಕಾರಿ ಗೆಜೆಟ್ಟು ಹೇಳಿತು. ಎಲಾದಿಯೋ ಸತ್ತವರ ಹೆಸರುಗಳನ್ನು ಅಚ್ಚಿಗೆ ಜೋಡಿಸಿದ. ಪುಟ ಹೊರಬೀಳುವ ಮೊದಲೇ ಅಚ್ಚುಕೂಟಕ್ಕೆ ಬೀಗ ಬಿತ್ತು. ನಲವತ್ತೊಂದು ಮನೆಯ ಹೆಂಗಸರು ಅತ್ತ ಮುತ್ತೈದೆಯರೂ ಅಲ್ಲ, ಇತ್ತ ವಿಧವೆಯರೂ ಅಲ್ಲ. ಸತ್ತವರ ಪ್ರಾರ್ಥನೆ ಹೇಳಿಸಲು ಹೋದರೆ, ಸತ್ತರೆಂದು ಬರೆದ ಕಾಗದ ಎಲ್ಲಿ ಎಂದು ಪಾದ್ರಿ ಕೇಳುತ್ತಿದ್ದ. ಪಕ್ಕದ ಮನೆಯ ಕೊನ್ಸುವೆಲೋ ಇನ್ನೂ ಊಟಕ್ಕೆ ಎರಡು ತಟ್ಟೆ ಇಡುತ್ತಿದ್ದಳು. 

ಊರಚೌಕದಲ್ಲಿ, ಜನರಲ್ ಕರೆಸಿದ್ದ ರಾಯಭಾರಿಗಳ ಎದುರು, ಮೊದಲ ದಿನ ಪಂಡಿತ ಫುಲ್ಹೆನ್ಸಿಯೋ ಬಂದ. ಜನರಲ್ ಕೇಳಿದ: "ದಿನಾ ಬೆಳಗ್ಗೆ ಹುಟ್ಟುತ್ತಾಳೆ, ಊರೆಲ್ಲ ಕೈಗೆತ್ತಿಕೊಳ್ಳುತ್ತದೆ. ಮಧ್ಯಾಹ್ನಕ್ಕೆ ಮುದುಕಿ. ಸಂಜೆಗೆ ಮೀನಿನ ಸಂಗಡ ಪೇಟೆಯಿಂದ ಹೊರಡುತ್ತಾಳೆ. ಯಾರವಳು?"

ಪಂಡಿತ ಉಷೆ ಎಂದ. ಮೀನೆಂದರೆ ಮೀನರಾಶಿ ಎಂದು ಅರ್ಧ ಗಂಟೆ ವಿವರಿಸಿದ. ಬಿಷಪ್ಪರು ಮುದ್ರೆ ಒಡೆದು ನೋಡಿ ಅಲ್ಲವೆಂದು ತಲೆ ಅಲ್ಲಾಡಿಸಿದರು. ಸೂರ್ಯ ಮುಳುಗುವುದರೊಳಗೆ ಪಂಡಿತನಿಗೆ ನೇಣಾಯಿತು.

ಎರಡನೆಯ ದಿನ ಕ್ಯಾಪ್ಟನ್ ಲೆಯಾಂದ್ರೋ ಬಂದ, ಪದ್ಯದ ಹುಚ್ಚಿನ ಶ್ರೀಮಂತ. ಅವನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದವರು ಊರಲ್ಲಿ ಬೇಕಾದಷ್ಟಿದ್ದರು. ಆದರೆ ಆ ಮಾತನ್ನು ಬಾಯಲ್ಲಿ ಆಡಿದವನಿಗೆ ಸೆರೆಮನೆ ಎಂದು ಹಿಂದಿನ ತಿಂಗಳೇ ಅಪ್ಪಣೆಯಾಗಿತ್ತು. ಯಾರೂ ಆಡಲಾರದ್ದನ್ನೇ ಉತ್ತರವಾಗಿಟ್ಟ ಜನರಲ್‌ನ ಕುಯುಕ್ತಿ ನೋಡಿ! ಕ್ಯಾಪ್ಟನ್ ಅವನ ಮುಖ ನೋಡಿದ, ಅದೂ ಹೊಂದೀತೆಂಬ ಆಸೆಯಿಂದ ರೊಟ್ಟಿ ಎಂದ. ಅವನೂ ನೇಣಿಗೇರಿದ.

ಮೂರನೆಯ ದಿನ ಎಲಾದಿಯೋ ಹೊರಟು ನಿಂತ. ತಲೆ ಗಟ್ಟಿಯಿದೆ ಅಂತ ಬಂಡೆಗೆ ಹಾಯಬೇಡ ಮಗನೇ ಎಂದು ತಾಯಿ ಅತ್ತಳು.

"ಅವ್ವಾ, ಆ ಹೆಂಗಸರನ್ನ ಹಾಗೇ ಬಿಟ್ಟು ನಾನು ಏನು ಬರೆದರೆ ಏನು ಬಂತು?" ಎಂದು ಅವಳ ಕೈ ಬಿಡಿಸಿಕೊಂಡು ಹೋದ.

ಮೊದಲ ಒಗಟಿಗೆ ಅವನು ಆಡಬಾರದ ಆ ಮಾತನ್ನೇ ಆಡಿ, ಪತ್ರಿಕೆ ಎಂದ. ರಾಯಭಾರಿಗಳ ಎದುರು ಅವನನ್ನು ಹಿಡಿಯಲು ಯಾರೂ ಮುಂದಾಗಲಿಲ್ಲ. ಬಿಷಪ್ಪರು ಕಾಗದ ನೋಡಿ ಸರಿ ಎಂದರು.

ಜನರಲ್ ಎರಡನೆಯದನ್ನು ಕೇಳಿದ: "ಕತ್ತರಿ ಆಡಿಸಿದಷ್ಟೂ ಹಿಗ್ಗುತ್ತದೆ. ಅದರಲ್ಲಿ ಏನೂ ಇಲ್ಲ, ಆದರೂ ಓದು ಬಾರದವನೂ ಅದನ್ನು ಓದುತ್ತಾನೆ. ಏನದು?"

"ಪುಟದಲ್ಲಿ ಬಿಟ್ಟ ಖಾಲಿ ಜಾಗ."

ಅದೂ ಸರಿಯಾಯಿತು. ಜನರಲ್ ಮೂರನೆಯದಕ್ಕೆ ಬಂದ.

"ಹುಟ್ಟುವಾಗ ಹೊತ್ತು ತಂದದ್ದಲ್ಲ, ಸತ್ತಾಗ ಮಣ್ಣಿಗೆ ಹೋಗುವುದಲ್ಲ. ಮನುಷ್ಯ ಮುಳುಗಿದರೂ ಅದು ತೇಲುತ್ತದೆ. ಏನದು?"

"ಹೆಸರು."

ಬಿಷಪ್ಪರು ಮೂರನೆಯ ಸಲವೂ ಸರಿ ಎಂದರು. ಇದೆಲ್ಲ ಕುರುಡನ ಗುರಿ, ಅರ್ಥ ಹೇಳಿದರೆ ಒಪ್ಪುತ್ತೇನೆ ಎಂದು ಜನರಲ್ ಗುಡುಗಿದ.

"ಹೇಳ್ತೀನಿ ಪ್ರಭೂ. ನಮ್ಮವ್ವ ಮೀನು ಕಟ್ಟಿಸಿಕೊಂಡು ಬರ್ತಿದ್ದದ್ದು ಅದೇ ದಿನದ ಪತ್ರಿಕೇಲಿ. ಪಂಡಿತರು ಮೀನುಪೇಟೆಗೆ ಹೋದವರಲ್ಲ. ನಿಮ್ಮ ಅಧಿಕಾರಿಗಳು ನಮ್ಮ ಪುಟಕ್ಕೆ ಕತ್ತರಿ ಹಾಕಿದಾಗ ಆ ಜಾಗಾನ ನಾವು ಖಾಲಿ ಬಿಡ್ತಿದ್ವಿ. ಇಲ್ಲೇನೋ ಮುಚ್ಚಿಟ್ಟಿದ್ದಾರೆ ಅಂತ ಅಕ್ಷರ ಬಾರದ ಬೆಸ್ತನಿಗೂ ತಿಳೀತಿತ್ತು. ಇನ್ನು ಮೂರನೇದು. ಅದನ್ನ ಹೇಳಿಯೇ ತೋರಿಸಬೇಕು."

ಅವನು ಮುಳುಗಿದವರ ಹೆಸರು ಹೇಳತೊಡಗಿದ. ನಾಲಿಗೆಯ ಮೇಲೆ ನಿಲ್ಲಲೆಂದು ಅವನ್ನೆಲ್ಲ ಪದ್ಯವಾಗಿ ಹೊಸೆದಿದ್ದ, ಸಾಲಿಗೆ ನಾಲ್ಕು ಹೆಸರು. ಒಂದೊಂದು ಹೆಸರಿಗೂ ಗುಂಪಿನಲ್ಲಿ ಒಬ್ಬಾಕೆ ಎದ್ದು ನಿಂತಳು. ತಡೆಯಬೇಕೆಂದು ಜನರಲ್ ಕೈ ಎತ್ತಿದ. ನೋಡಿದರೆ ರಾಯಭಾರಿಗಳು ತಲೆ ಬಗ್ಗಿಸಿ ಆ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದಾರೆ. ತಾನೇ ಕರೆಸಿದ ಸಾಕ್ಷಿಗಳು ಬಿಸಿ ತುಪ್ಪವಾದರು, ನುಂಗುವಂತಿಲ್ಲ, ಉಗುಳುವಂತಿಲ್ಲ. ಎತ್ತಿದ ಕೈ ಕೆಳಗಿಳಿಯಿತು. ನಲವತ್ತೊಂದೂ ಮುಗಿಯುವವರೆಗೆ ಅವನು ಕೂತು ಕೇಳಬೇಕಾಯಿತು.

ಕವಿಪೀಠ ತಮ್ಮಲ್ಲೇ ಇರಲಿ, ನನಗೆ ಅಚ್ಚುಕೂಟದ ಬೀಗದ ಕೈ ಸಾಕು ಎಂದು ಎಲಾದಿಯೋ ಕೇಳಿದ. ಕೊಡದೆ ವಿಧಿಯಿರಲಿಲ್ಲ.

ಮುಂದೆ ಅವನು ನಲವತ್ತು ವರ್ಷ ಪತ್ರಿಕೆ ನಡೆಸಿದ. ಎರಡು ಸಲ ಸೆರೆ ಕಂಡ, ಒಂದು ಸಲ ದೇಶ ಬಿಟ್ಟ. ಅವನ ಪದ್ಯಗಳನ್ನು ಸ್ಪ್ಯಾನಿಷ್ ಆಡುವ ಎಷ್ಟೋ ನಾಡುಗಳಲ್ಲಿ ಹಾಡಿದರು. ಆದರೆ ನಿಮ್ಮ ಬಾಳಿನ ದೊಡ್ಡ ಸನ್ಮಾನ ಯಾವುದು ಎಂದು ಯಾರಾದರೂ ಕೇಳಿದರೆ ಅವನು ಹೇಳುತ್ತಿದ್ದದ್ದು ಬೀಗದ ಕೈ ಸಿಕ್ಕ ಮಾರನೆಯ ಬೆಳಗಿನ ಮಾತು.

ಅಂದು ಮಸಿ ಆರದ ಪತ್ರಿಕೆ ಹಿಡಿದು ಕೊನ್ಸುವೆಲೋ ಅಚ್ಚುಕೂಟದ ಬಾಗಿಲಿಗೆ ಬಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ಇದರಲ್ಲಿ ನಮ್ಮವರು ಎಲ್ಲಿ ಎಂದಳು. ಎಲಾದಿಯೋ ಅವಳ ಬೆರಳು ಹಿಡಿದು ಹತ್ತೊಂಬತ್ತನೆಯ ಹೆಸರಿನ ಮೇಲಿಟ್ಟ. ಅವಳು ತುಂಬ ಹೊತ್ತು ಅದನ್ನೇ ನೋಡಿದಳು.

"ಹಾಗಾದರೆ ಇನ್ನು ಅಳಬಹುದಲ್ಲವಾ?"

ಅಳಬಹುದು ಎಂದ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಬಾಯಿಬಿಟ್ಟು ಅತ್ತಳು.