ಗೋಣಿ ಹೊದ್ದ ಸಬ್ಬಸಿಗೆ ಮಡಿ

“ಗುರುಗಳೇ, ಚನ್ನವೀರನಿಗೆ ಒಲಿಯೋ ಮಾತು ನನಗ್ಯಾಕೆ ಒಲಿಯಲ್ಲ?”

ಶಿಷ್ಯ ಮುರಿಗೆಪ್ಪ ಇನ್ನೂ ಸರಿಯಾಗಿ ಕೂತೂ ಇರಲಿಲ್ಲ, ಕೇಳಿಬಿಟ್ಟ. ಕೇಳಿ ಸುಮ್ಮನಾಗ್ಲೂ ಇಲ್ಲ. “ಇಬ್ಬರೂ ಒಟ್ಟಿಗೇ ಮಠಕ್ಕೆ ಸೇರಿದ್ವಿ. ಅವನು ಓದಿದ್ದನ್ನೇ ಓದ್ತೀನಿ, ಅವನು ಎದ್ದಾಗಲೇ ಏಳ್ತೀನಿ, ಅವನು ಧ್ಯಾನಕ್ಕೆ ಕಣ್ಣು ಮುಚ್ಚಿದ್ರೆ ನಾನೂ ಮುಚ್ತೀನಿ, ಮಧ್ಯೆ ಮಧ್ಯೆ ತೆಗೆದು ಅವನಿನ್ನೂ ಮುಚ್ಚಿದಾನಾ ಅಂತ ನೋಡ್ತೀನಿ, ಅಷ್ಟೇ. ಸೋಮವಾರ ಭಕ್ತರ ಮುಂದೆ ಅವನು ಪ್ರವಚನಕ್ಕೆ ನಿಂತ್ರೆ ಚಪ್ಪಲಿ ಮೆಟ್ಟಿ ಹೊರಟೋರೂ ಬಿಚ್ಚಿಟ್ಟು ವಾಪಸ್ ಬಂದು ಕೂರ್ತಾರೆ. ನಾನು ನಿಂತ್ರೆ ಪ್ರಸಾದ ಆಯ್ತಾ ಅಂತ ಕೇಳ್ತಾರೆ. ಬರೋ ಸೋಮವಾರ ನನ್ನ ಸರದಿ. ಈ ಸಲಾನೂ ಹಂಗೇ ಆದ್ರೆ ನಾನು ಮಠದಲ್ಲಿರಲ್ಲ, ಊರಿಗೆ ಹೊರಟು ಹೋಗ್ತೀನಿ. ಅವನ ಹತ್ರ ಏನೋ ಗುಟ್ಟಿದೆ ಗುರುಗಳೇ, ಮುಚ್ಚಿಟ್ಕೊಂಡಿದಾನೆ.”

ಅವನ ಉಸಿರು ಇಳಿಯೋವರೆಗೂ ಗುರುಗಳು ಕಾದ್ರು. ಆಮೇಲೆ ಈ ಕತೆ ಹೇಳಿದ್ರು.

ಒಂದು ಬೆಟ್ಟದೂರು. ಚಳಿಗಾಲ ಬಂತು ಅಂದ್ರೆ ಅಲ್ಲಿ ಇಬ್ಬನಿ ಹುಲ್ಲಿನ ಮೇಲೇ ಹೆಪ್ಪುಗಟ್ಟುತ್ತೆ, ಬೆಳಿಗ್ಗೆ ಎದ್ದು ನೋಡಿದ್ರೆ ಹಿತ್ತಲ ತುಂಬ ಉಪ್ಪು ಚೆಲ್ಲಿದ ಹಾಗೆ. ಕೋಸು, ಮೂಲಂಗಿ, ಮೆಂತ್ಯ, ಸಬ್ಬಸಿಗೆ, ಇಂಥವು ಆ ಚಳಿ ತಡ್ಕೋತವೆ. ಎಳೇದಿದ್ದಾಗ ಒಂಚೂರು ಆಸರೆ ಬೇಕು, ಅಷ್ಟೇ. ಬಾಣಂತಿಗೆ ಎದೆಹಾಲು ಇಳಿಯಲಿ ಅಂತ ಸಬ್ಬಸಿಗೆ ಕೊಡ್ತಾರಲ್ಲ, ಆ ಊರಲ್ಲಿ ಅದು ತಾಯಿಯ ಹಿತ್ತಲಿಂದ್ಲೇ ಬಂದ್ರೆ ತಾಯಿಗೆ ಮರ್ಯಾದೆ.

ಅಲ್ಲೊಬ್ಬ ಹೆಂಗಸಿದ್ದಳು. ಅವಳ ಮಗಳು ತುಂಬು ಬಸುರಿ. ಪಕ್ಕದ ಮನೆಗೆ ಬಯಲುಸೀಮೆಯಿಂದ ಒಬ್ಬಳು ಹೊಸದಾಗಿ ಬಂದು ಸೇರಿದ್ಲು, ಅಂಥ ಚಳಿ ಕಂಡೇ ಇಲ್ಲದೋಳು. ಆ ವರ್ಷ ಚಳಿ ಬೇಗ ಬಂತು, ಮೊದಲನೇ ಚಳಿಗೇ ಹೆಂಗಸಿನ ಎಳೇ ಸೊಪ್ಪು ಸುಟ್ಟು ಕರಕಲಾಯ್ತು. ನೆರೆಯವಳ ಸೊಪ್ಪು ಹಸಿರಾಗೇ ನಿಂತಿತ್ತು. ವರ್ಷಾ ವರ್ಷಾ ಸೊಪ್ಪಿಗೆ ಅಂತ ಹೆಂಗಸಿನ ಬಾಗಿಲಿಗೆ ಬರ್ತಿದ್ದೋರೆಲ್ಲ ಆ ಬಾಗಿಲು ದಾಟಿ ಪಕ್ಕದ ಮನೆಗೆ ಹೋದ್ರು. ಹೋಗುವಾಗ ಇವಳನ್ನ ಚೆನ್ನಾಗಿದೀರಾ ಅಂತ ಬೇರೆ ಕೇಳ್ಕೊಂಡು ಹೋದ್ರು.

ಹೆಂಗಸಿಗೆ ಹೊಟ್ಟೆ ಉರಿದುಹೋಯ್ತು. ಮಗಳ ಹೆರಿಗೆ ಹೊತ್ತಿಗೆ ಬರೋ ಹಾಗೆ ಮತ್ತೆ ಸಬ್ಬಸಿಗೆ ಬಿತ್ತಿದ್ಲು. ದಿನಾ ಸಂಜೆ ಗೋಡೆ ಮೇಲಿಂದ ಇಣುಕೋಕೆ ಶುರು ಮಾಡಿದ್ಲು. ನೆರೆಯವಳು ಹೊತ್ತು ಮುಳುಗುವಾಗ ಮಡಿ ಮೇಲೆ ಒಣಹುಲ್ಲು ಹೊದಿಸ್ತಿದ್ಲು. ಓ, ಇಷ್ಟೇನಾ ಅಂದ್ಕೊಂಡ್ಲು ಹೆಂಗಸು. ಅವಳು ಹುಲ್ಲು ಹೊದಿಸಿದ್ರೆ ಇವಳು ಗೋಣಿಚೀಲ ಹೊದಿಸಿದ್ಲು, ಅದೂ ಎರಡೆರಡು ಪದರ, ಅಂಚಿಗೆಲ್ಲ ಕಲ್ಲು. ಬೆಳಿಗ್ಗೆ ಬಿಸಿಲೇರಿದ ಮೇಲೆ ನೆರೆಯವಳು ಹುಲ್ಲು ಸರಿಸೋದನ್ನೂ ನೋಡಿದ್ಲು. ಅದು ಹೋಗೋ ಬರೋರಿಗೆ ತೋರಿಸ್ಕೊಳ್ಳೋಕೆ ಅಂತ ತಿಳ್ಕೊಂಡ್ಲು. ತಾನು ಮಾತ್ರ ಗೋಣಿ ಸರಿಸಲಿಲ್ಲ. ಸರಿಸಿದ್ರೆ ಅವಳ ದೃಷ್ಟಿ ತಾಗುತ್ತಲ್ಲ. ಮಗಳು ಹೆತ್ತ ದಿನ ಎಲ್ಲರೆದುರಿಗೆ ಒಟ್ಟಿಗೇ ತೆಗೀಬೇಕು, ನೆರೆಯವಳು ಆ ಕಡೆಯಿಂದ ನೋಡ್ತಾ ನಿಂತಿರ್ಬೇಕು ಅಂತ ಆಸೆ.

ಒಂದು ದಿನ ನೆರೆಯವಳೇ ಮಾತಾಡಿಸಿದ್ಲು.

“ಅಕ್ಕಾ, ಅದೇನು ಹಗಲೂ ಹೊದಿಸಿಟ್ಟಿದೀರಿ, ಮಡಿಗೆ ಜ್ವರಾನಾ?”

“ಕಂಡೋರ ಕಣ್ಣು ಬೀಳದಿರ್ಲಿ ಅಂತ.”

“ನನ್ನ ಮಡಿ ನೋಡ್ಕೊಳ್ಳೋಕೇ ನನ್ನ ಕಣ್ಣು ಸಾಲಲ್ಲ ಬಿಡಿ. ಬಿಸಿಲು ಬಂದಾಗ ಒಂಚೂರು...”

“ನೋಡಮ್ಮ, ನಾನು ಇದೇ ಚಳೀಲಿ ಹುಟ್ಟಿದೋಳು. ನೀನು ನಿನ್ನೆ ಬಂದೋಳು. ನನಗೆ ಹೇಳ್ಕೊಡೋಕೆ ಬರ್ಬೇಡ.”

ನೆರೆಯವಳು ತನ್ನ ಮಡಿ ಕಡೆ ತಿರುಗಿ ಹೋದ್ಲು.

ಮಗಳು ಹೆತ್ತಳು. ಗಂಡು ಕೂಸು. ಹೆಂಗಸು ಬೀದಿಯೋರನ್ನೆಲ್ಲ ಹಿತ್ತಲಿಗೆ ಕರೆದು ಗೋಣಿ ಎತ್ತಿದ್ಲು. ಕೆಳಗೆ ಸೊಪ್ಪಿರಲಿಲ್ಲ. ಬೆಳಕಿಲ್ಲದೆ, ಗಾಳಿಯಿಲ್ಲದೆ ಬಿಳಿಚಿಕೊಂಡ ಎಳೆಗಳು, ಮುಟ್ಟಿದ್ರೆ ಲೋಳೆ, ಜೊತೆಗೆ ಕೊಳೆತ ವಾಸನೆ. ಬಂದೋರು ಮೂಗು ಮುಚ್ಕೊಂಡು ಒಬ್ಬೊಬ್ಬರೇ ಹೊರಟ್ರು. ಒಬ್ಬಳು ಮಾತ್ರ ನಿಂತು, “ಚಳಿಗೆ ಸಾಯ್ದೇ ಇರೋದನ್ನ ಸೆಖೆಗೆ ಸಾಯಿಸಿದ್ಯಲ್ಲೇ” ಅಂತ ಹೇಳಿಯೇ ಹೋದಳು.

ಒಳಗೆ ಮಗಳಿಗೆ ಹಾಲು ಇಳಿದಿರಲಿಲ್ಲ. ಕೂಸು ಚೀಪಿ ಚೀಪಿ ಸಾಕಾಗಿ ಅಳ್ತಿತ್ತು. “ಅಮ್ಮಾ, ಸಬ್ಬಸಿಗೆ ಪಲ್ಯ ಮಾಡ್ತೀನಿ ಅಂದಿದ್ಯಲ್ಲ” ಅಂತ ಮಗಳು ಮಲಗಿದಲ್ಲಿಂದ್ಲೇ ಕೇಳಿದ್ಲು.

ಹೆಂಗಸು ಗೋಡೆ ಹತ್ರ ಬಂದ್ಲು. ಆ ಕಡೆ ನೆರೆಯವಳು ಬಗ್ಗಿ ಸಬ್ಬಸಿಗೆ ಚಿವುಟ್ತಾ ಇದ್ಲು, ಮಡಿಲು ತುಂಬ. ಕೈ ಚಾಚಿದ್ರೆ ಸಿಗೋಷ್ಟು ಹತ್ರ. ಕರೆಯೋಕೆ ಅಂತ ಹೆಂಗಸು ಬಾಯಿ ತೆರೆದ್ಲು. ಮುಚ್ಚಿದ್ಲು. ಒಳಗೆ ಕೂಸು ಮತ್ತೆ ಅತ್ತಿತು.

ಗುರುಗಳು ಅಲ್ಲಿಗೇ ನಿಲ್ಲಿಸಿಬಿಟ್ರು.

ಮುರಿಗೆಪ್ಪನಿಗೆ ತಡೆಯೋಕಾಗ್ಲಿಲ್ಲ. “ಆಮೇಲೆ? ಕೇಳಿದ್ಲಾ ಗುರುಗಳೇ? ಅಲ್ಲ, ಕೂಸು ಹಸ್ಕೊಂಡು ಅಳ್ತಿದೆ, ಅವಳು ಅಲ್ಲೇ ಗೋಡೆ ಪಕ್ಕದಲ್ಲೇ ಇದಾಳೆ, ಮಡಿಲಲ್ಲಿ ಸೊಪ್ಪೂ ಇದೆ, ಒಂದು ಮಾತು ಕೇಳಿದ್ರೆ ಅವಳೇನು ಇಲ್ಲ ಅಂತಾಳಾ? ಮೊದಲೇ ಕೇಳಿದ್ರೂ ಹೇಳ್ಕೊಡ್ತಿದ್ಲು. ಕೇಳೋಕೇನು ಕಷ್ಟ ಇವಳಿಗೆ?”

ಗುರುಗಳು ಅಂದ್ರು, “ನೀನು ಚನ್ನವೀರನನ್ನ ಕೇಳಿದ್ಯಾ?”