ನಾಲಗೆಯಿಲ್ಲದ ಗಂಟೆ

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಬೇಡ. ಗುಡ್ಡದೂರು ಅಂತ ಒಂದು ರಾಜ್ಯ. ಅಲ್ಲಿಯ ನ್ಯಾಯಾಧಿಕಾರಿ ವಯಸ್ಸಾಗಿ ಸತ್ತುಹೋದ. ಪದ್ಧತಿಯಂತೆ ಪಟ್ಟದಾನೆಯ ಸೊಂಡಿಲಿಗೆ ಹಾರ ಕೊಟ್ಟು ಬೀದಿಗೆ ಬಿಟ್ಟರು. ಆನೆ ಪಂಡಿತರ ಕೇರಿ ದಾಟಿತು, ಸಾಹುಕಾರರ ಕೇರಿ ದಾಟಿತು, ಹೋಗಿ ಹೋಗಿ ಕುಂಬಾರ ದ್ಯಾವಣ್ಣನ ಕೊರಳಿಗೆ ಹಾರ ಹಾಕಿಬಿಟ್ಟಿತು. ಕೈಮಣ್ಣು ತೊಳೆಯುವುದಕ್ಕೂ ಬಿಡದೆ ಅವನನ್ನು ನ್ಯಾಯಪೀಠದ ಮೇಲೆ ಕೂರಿಸಿದರು.

ಪಾಪ, ದ್ಯಾವಣ್ಣನಿಗೆ ಯಾರು ಮಾತಾಡಿದರೂ ಅವರೇ ಸರಿ ಅನಿಸುತ್ತಿತ್ತು.

ಮೊದಲ ದಿನವೇ ದೊಡ್ಡ ಫಿರ್ಯಾದು. ಪಟ್ಟದಾನೆಯ ಬೆಳ್ಳಿ ಗಂಟೆ ಕಳುವಾಗಿ ಮೂರು ದಿನವಾಗಿತ್ತು. ಉಗ್ರಾಣದ ಅಧಿಕಾರಿ ನಂಜರಾಜಯ್ಯ ಮಾವುತ ಬೊಮ್ಮನ ಮೇಲೆ ಬೆರಳು ತೋರಿಸಿದ. ತಪ್ಪು ರುಜುವಾತಾದರೆ ಬೊಮ್ಮನಿಗೆ ಗಡೀಪಾರು. ಮರಿಯಿಂದ ಸಾಕಿದ ಆನೆಯನ್ನು ಬಿಟ್ಟು ಹೋಗಬೇಕು.

ಸಾಕ್ಷಿಗಳು ಮೂವರು.

“ಕದ್ದವನು ಬೊಮ್ಮನೇ” ಎಂದ ಗಾಣಿಗ ಸಿದ್ದ.

“ಬೊಮ್ಮನೇ” ಎಂದ ನೇಕಾರ ಕೆಂಚ.

“ಬೊಮ್ಮನೇ” ಎಂದಳು ಹೂವಾಡಗಿತ್ತಿ ನಿಂಗಿ.

ಮೂವರು ಹೇಳಿದ ಮೇಲೆ ಸುಳ್ಳಾದೀತೇ? ದ್ಯಾವಣ್ಣ ಬೊಮ್ಮನ ಮುಖ ನೋಡಿದ. ಕಳ್ಳನ ಹಾಗೆ ಕಾಣಲಿಲ್ಲ. ಸಾಕ್ಷಿಗಳ ಮುಖ ನೋಡಿದ. ಅವರೂ ಸುಳ್ಳರ ಹಾಗೆ ಕಾಣಲಿಲ್ಲ. ಅವನ ತಲೆ ಗಡಿಗೆ ಮಾಡುವ ತಿಗರಿಯಂತೆ ಗಿರ್ರನೆ ತಿರುಗಿತು.

“ತೀರ್ಪು ಏನಪ್ಪ?” ಎಂದ ರಾಜ.

“ಒಂದು ಗಳಿಗೆ ತಾಳಿ ಬುದ್ಧಿ, ಬಾಯಾರಿತು” ಎಂದ. ಸೇವಕ ಕುಡಿಕೆಯಲ್ಲಿ ನೀರು ತಂದ. ದ್ಯಾವಣ್ಣ ಅಭ್ಯಾಸಬಲದಿಂದ ಕುಡಿಕೆಯನ್ನು ಬೆರಳಲ್ಲಿ ತಟ್ಟಿ ನೋಡಿದ. ಟಣ್ ಎಂದಿತು. ಅಯ್ಯೋ, ಮೂರು ಗಡಿಗೆ ಪೇರಿಸಿಟ್ಟು ತಟ್ಟಿದರೆ ಬಿರುಕು ಗೊತ್ತಾಗುತ್ತದೆಯೇ? ಒಂದೊಂದನ್ನೇ ಎತ್ತಿ ತಟ್ಟಬೇಕು!

“ಸಿದ್ದ, ನೀನು ಕಣ್ಣಾರೆ ಕಂಡೆಯಾ?”

“ಇಲ್ಲ ಬುದ್ಧಿ, ಕೆಂಚ ಹೇಳ್ದ.”

“ಕೆಂಚ, ನೀನು?”

“ನಿಂಗಿ ಹೇಳಿದ್ಲು.”

“ನೀನೇನು ಕಂಡೆ ತಾಯಿ?”

“ನಾನೇನೂ ಕಾಣ್ಲಿಲ್ಲ. ನಂಜರಾಜಯ್ಯನೋರು ಹೇಳಿದ್ರು. ದೊಡ್ಡೋರು ಸುಳ್ಳು ಹೇಳ್ತಾರಾ?”

ಬಾಯಿ ಮೂರು, ಮಾತು ಒಬ್ಬನದೇ.

ನಂಜರಾಜಯ್ಯ ಎದೆ ತಟ್ಟಿಕೊಂಡ. “ನಾನು ಕಿವಿಯಾರೆ ಕೇಳಿದ್ದೀನಿ ಸ್ವಾಮಿ! ಮೂರು ದಿನದ ಹಿಂದೆ ಬೊಮ್ಮ ಉಗ್ರಾಣದ ಮುಂದೆ ಬಟ್ಟೆಗಂಟು ಹೊತ್ತು ಹೋದ. ಒಳಗೆ ಗಂಟೆ ಢಣಢಣ ಅಂತಿತ್ತು.”

ಇದೂ ಸರಿಯೇ ಅನಿಸಿತು ದ್ಯಾವಣ್ಣನಿಗೆ! ತೀರ್ಪು ಹೇಳಲು ಬಾಯಿ ತೆರೆದವನಿಗೆ ಫಕ್ಕನೆ ನಾಚಿಕೆಯಾಯಿತು. ಇನ್ನೂ ಒಂದು ಗಡಿಗೆ ತಟ್ಟೇ ಇಲ್ಲವಲ್ಲ.

“ಬೊಮ್ಮ, ನಿನ್ನನ್ನ ಯಾರೂ ಕೇಳಲೇ ಇಲ್ಲವಲ್ಲಪ್ಪ. ನೀನೇನು ಹೇಳ್ತೀಯ?”

ಬೊಮ್ಮ ಸೊಂಟದಿಂದ ಗಂಟೆಯ ನಾಲಗೆ ತೆಗೆದು ಮುಂದಿಟ್ಟ. “ಎಂಟು ದಿನದಿಂದ ಆನೆಗೆ ಕಿವಿನೋವು ಬುದ್ಧಿ. ಸದ್ದಿಗೆ ಬೆಚ್ಚುತ್ತಿತ್ತು. ಅದಕ್ಕೆ ನಾಲಗೆ ಬಿಚ್ಚಿ ನಾನೇ ಇಟ್ಕೊಂಡೆ.”

“ನೋಡಿ, ನೋಡಿ! ಮಾಲು ಇವನ ಹತ್ತಿರವೇ ಇದೆ!” ಎಂದು ನಂಜರಾಜಯ್ಯ ಕೂಗಿದ.

ದ್ಯಾವಣ್ಣನಿಗೆ ಮತ್ತೆ ಗೊಂದಲ. ಆಗ ನಿಂಗಿ ತಡೆಯಲಾರದೆ ಅಂದಳು: “ಅವನು ಹೇಳೋದು ನಿಜ ಬುದ್ಧಿ. ಬೆಳಿಗ್ಗೆ ಆ ಗಂಟೆ ಸದ್ದಿಗೇ ನಾನು ಏಳೋದು. ಎಂಟು ದಿನದಿಂದ ಸದ್ದಿಲ್ಲ. ಹೂವು ತಡವಾಗಿ ದಿನಾ ಬೈಸ್ಕೊಳ್ತಿದ್ದೀನಿ!”

ಇದು ಅವಳ ಸ್ವಂತ ಕಿವಿಯ ಮಾತು. ದ್ಯಾವಣ್ಣನ ಮುಖ ಅರಳಿತು.

“ನಂಜರಾಜಯ್ಯನವರೇ, ಗಂಟೆಯ ನಾಲಗೆ ಎಂಟು ದಿನದಿಂದ ಇಲ್ಲಿದೆ. ಆದರೂ ಮೂರು ದಿನದ ಹಿಂದೆ ನಿಮಗೊಬ್ಬರಿಗೇ ಸದ್ದು ಕೇಳಿಸಿತು. ಎಂಥ ಕಿವಿ! ಆ ಕಿವಿಯಿಂದಲೇ ಕೇಳುತ್ತಾ ಹೋಗಿ ಗಂಟೆ ಹುಡುಕಿ ತನ್ನಿ. ತರದಿದ್ದರೆ ಸುಳ್ಳುಸಾಕ್ಷಿಗೆ ಗಡೀಪಾರು.”

ನಂಜರಾಜಯ್ಯ ಆ ಕಡೆ ಈ ಕಡೆ ಕಿವಿಗೊಟ್ಟಂತೆ ನಟಿಸಿದ. ಕೊನೆಗೆ ಉಗ್ರಾಣದ ಬೀಗ ತೆಗೆದು, ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಕೈಹಾಕಿ, “ಸಿಕ್ಕಿತು!” ಎಂದ.

“ಬೊಮ್ಮನ ಗಂಟಿನಲ್ಲಿ ಹೋದದ್ದು ನಿಮ್ಮ ವಾಡೆಗೆ ಹೇಗೆ ಬಂತು? ಬೀಗದ ಕೈ ನಿಮ್ಮ ಸೊಂಟದಲ್ಲೇ ಇದೆಯಲ್ಲ?”

ನಂಜರಾಜಯ್ಯ ಅಡ್ಡಬಿದ್ದು ಎಲ್ಲ ಒಪ್ಪಿಕೊಂಡ. ಆನೆಯ ಪಾಲಿನ ಬೆಲ್ಲವನ್ನು ಅವನು ನುಂಗುತ್ತಿದ್ದ. ಬೊಮ್ಮ ದೂರು ಕೊಡುತ್ತೇನೆ ಅಂದಿದ್ದ. ಅದಕ್ಕೇ ಇಷ್ಟೆಲ್ಲ. ಬೊಮ್ಮನಿಗೆ ತೋಡಿದ ಹಳ್ಳಕ್ಕೆ ತಾನೇ ಬಿದ್ದು ಗಡಿ ದಾಟಿದ.

ದ್ಯಾವಣ್ಣ ಮೂವರು ಸಾಕ್ಷಿಗಳನ್ನೂ ಬೈದ: “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಬ್ಬನ ಮಾನ ಒಡೆಯೋಕೆ ನಿಮ್ಮ ನಾಲಗೆಯೇ ದೊಣ್ಣೆಯಾಗಿತ್ತಲ್ರೋ!”

ಆನೆಯ ಕಿವಿ ವಾಸಿಯಾದ ದಿನ ಬೊಮ್ಮ ಗಂಟೆಗೆ ನಾಲಗೆ ಕಟ್ಟಿದ. ನಿಂಗಿ ಹೊತ್ತಿಗೆ ಸರಿಯಾಗಿ ಎದ್ದಳು.

ನೀತಿ ಇಷ್ಟೇ ಮಕ್ಕಳೇ: ಕೇಳಿದ ಮಾತು ನೂರು ಬಾಯಿ ಸುತ್ತಿ ಬಂದರೂ ಸಾಕ್ಷಿಯಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು. ಆಪಾದನೆ ಹೊತ್ತು ನಿಂತವನನ್ನು ಕೇಳದೆ ತೀರ್ಪು ಹೇಳಬಾರದು. ನಾನು ಹೇಳಿದೆ ಅಂತ ಇದನ್ನೂ ಸುಮ್ಮನೆ ನಂಬಬೇಡಿ, ತಟ್ಟಿ ನೋಡಿ.