ಕಂಬಳಿ ಸುತ್ತಿದ ಹೂಜಿ

ಗೂಳಪ್ಪ ನಾಯಕ ಯುದ್ಧಕ್ಕೆ ಹೊರಟಾಗ ತನ್ನ ಹೂಜಿಯನ್ನು ಹೊಳೆದಂಡೆಯ ಆಶ್ರಮದಲ್ಲಿ ಬಿಟ್ಟು ಹೋದ.

ಅದೇನು ನಮ್ಮ ನಿಮ್ಮ ಹೂಜಿಯಲ್ಲ. ಜರ್ಮನಿ ದೇಶದ ಕುಂಬಾರರು ಉರಿವ ಆವಿಗೆಗೆ ಉಪ್ಪೆರಚಿ ಸುಟ್ಟದ್ದು. ಕಲ್ಲಿನಷ್ಟು ಗಟ್ಟಿ, ಬೂದು ಮೈ, ಮೈತುಂಬ ನೀಲಿ ಹೂವು. ಬಾಯಿಗೆ ಬೆಳ್ಳಿ ಕಟ್ಟು, ಮೇಲೊಂದು ಬೆಳ್ಳಿ ಮುಚ್ಚಳ. ಹಡಗಿನ ವ್ಯಾಪಾರಿಗಳು ಅವನಿಗೆ ಕಾಣಿಕೆ ಕೊಟ್ಟಿದ್ದರು.

ಊರಿನಲ್ಲಿದ್ದಾಗ ನಾಯಕ ಬೇರೆ ಯಾವುದರಲ್ಲೂ ನೀರು ಮುಟ್ಟುತ್ತಿರಲಿಲ್ಲ. ವಿಷ ಬಿದ್ದರೆ ಬೆಳ್ಳಿ ಕಪ್ಪಾಗುತ್ತದೆ ಅನ್ನುವುದು ಅವನ ನಂಬಿಕೆ. ಹಿಂದೊಮ್ಮೆ ಕಪ್ಪಾಗಿತ್ತು. ಅವತ್ತು ಅಡುಗೆಯ ಸಿದ್ದಣ್ಣನ ತಲೆ ಹೋಯಿತು.

ಹೂಜಿ ಕಾಯುವ ಕೆಲಸ ಶಿಷ್ಯ ಕೆಂಚಯ್ಯನ ಪಾಲಿಗೆ ಬಂತು. ಎಲ್ಲಿ ಒಡೆದೀತೋ ಎಂಬ ದಿಗಿಲಿಗೆ ತನ್ನ ಕಂಬಳಿಯನ್ನೇ ಸುತ್ತಿ ಮೂಲೆಗಿಟ್ಟ. ಮಳೆಗಾಲ ಪೂರಾ ಬಿಚ್ಚಲಿಲ್ಲ. ತಾನು ಚಳಿಯಲ್ಲೇ ಮುದುಡಿ ಮಲಗಿದ.

ನಾಯಕ ಬರುತ್ತಿದ್ದಾನೆ ಅನ್ನುವ ಸುದ್ದಿ ಬಂದ ಬೆಳಿಗ್ಗೆ ಕಂಬಳಿ ಬಿಚ್ಚಿದ. ಬೆಳ್ಳಿ ಇದ್ದಿಲಿನ ಹಾಗೆ ಕಪ್ಪಾಗಿತ್ತು.

ಕೆಂಚಯ್ಯನ ಜೀವ ಬಾಯಿಗೆ ಬಂತು. ಹೂಜಿಯ ಜೊತೆ ಒಂದು ಮುಷ್ಟಿ ಹುಣಸೆಹಣ್ಣು ಹಿಡಿದು ಹೊಳೆಗೆ ಓಡಿದ. ಗುರು ಅಡವಿಸ್ವಾಮಿಗಳು ಮೊಣಕಾಲು ನೀರಿನಲ್ಲಿ ನಿಂತಿದ್ದರು.

"ಏನೋ ಅದು?"

"ಕಪ್ಪಾಗಿಬಿಟ್ಟಿದೆ, ಬುದ್ಧಿ! ಬೇಗ ಉಜ್ಜಿಬಿಡ್ತೀನಿ. ದೊರೆ ಕಂಡರೆ ನನ್ನ ಕುತ್ತಿಗೆ ಉಳಿಯಲ್ಲ."

"ಯಾವುದರಲ್ಲಿ ಸುತ್ತಿದ್ದೆ?"

"ಕಂಬಳಿಯಲ್ಲಿ."

ಗುರುಗಳು ಹುಣಸೆಹಣ್ಣು ಕಿತ್ತುಕೊಂಡು ಹೊಳೆಗೆ ಎಸೆದರು.

"ಉಜ್ಜಬೇಡ. ನೀರು ತುಂಬು."

"ನನ್ನ ಕೊಲ್ಲಿಸ್ತೀರಾ, ಬುದ್ಧಿ?"

"ಉಜ್ಜಿದರೆ ನೀನೊಬ್ಬ ಉಳೀತೀಯ. ನಾಳೆ ಈ ಹೂಜಿ ಹಿಡಿಯೋನ ಗತಿ?"

ಕೆಂಚಯ್ಯ ಹೊಳೆಯಲ್ಲಿ ಹೂಜಿ ತುಂಬುತ್ತಿದ್ದಂತೆ ಕುದುರೆಗಳ ಸದ್ದು ಕೇಳಿಸಿತು.

ನಾಯಕ ಬಂದವನೇ ಬೆಳ್ಳಿ ನೋಡಿದ. ಮುಖ ಬಿಳಿಚಿತು.

"ಯಾರು ತುಂಬಿದ್ದು?"

"ನಾ... ನಾನು, ದೊರೆ."

ಕತ್ತಿ ಒರೆಯಿಂದ ಬಂತು. ಅದರ ತಣ್ಣನೆ ಅಂಚು ಕೆಂಚಯ್ಯನ ಕುತ್ತಿಗೆಗೆ ತಾಗಿತು.

ಗುರುಗಳು ಹೂಜಿ ಎತ್ತಿ ಗಟಗಟನೆ ಅರ್ಧ ಕುಡಿದರು. ಗಡ್ಡ ಒರೆಸಿಕೊಂಡು ಕೂತರು.

"ತಾಳು, ನಾಯಕ. ನಾನು ಸತ್ತ ಮೇಲೆ ಅವನನ್ನು ಕಡಿ."

ಎಲ್ಲರೂ ಕಾದರು. ಮರದ ನೆರಳು ಸರಿಯಿತು. ಕೆಂಚಯ್ಯ ಗುರುಗಳ ತುಟಿಯನ್ನೇ ನೋಡುತ್ತಿದ್ದ, ಈಗ ನೀಲಿಯಾಯಿತು, ಈಗ ನೀಲಿಯಾಯಿತು ಅಂತ. ತಾನೇ ತುಂಬಿದ ಹೊಳೆನೀರು ಅನ್ನುವುದೂ ಅವನಿಗೆ ಮರೆತುಹೋಗಿತ್ತು.

ಗುರುಗಳು ಆಕಳಿಸಿದರು.

"ಹಾಗಿದ್ದರೆ ಕಪ್ಪು ಯಾಕೆ?" ಎಂದ ನಾಯಕ.

"ಹೇಳೋ, ಕೆಂಚಯ್ಯ."

"ಕಂಬಳಿ, ದೊರೆ. ಒಡೆದೀತು ಅಂತ ಹೆದರಿ ಸುತ್ತಿಟ್ಟಿದ್ದೆ."

"ಉಣ್ಣೆ ಬಹಳ ದಿನ ತಾಗಿದರೆ ಬೆಳ್ಳಿ ಕಪ್ಪಾಗುತ್ತೆ," ಎಂದು ಗುರುಗಳು ಮುಚ್ಚಳ ಎತ್ತಿದರು. ನೀರಿನ ಕಡೆಯ ಒಳಮೈ ಬೆಳ್ಳಗೆ ಹೊಳೆಯುತ್ತಿತ್ತು. "ವಿಷವಾಗಿದ್ದರೆ ಮೊದಲು ಇದು ಕಪ್ಪಾಗಬೇಕಿತ್ತು. ಸಿದ್ದಣ್ಣನ ತಲೆ ತೆಗೆದ ದಿನ ಒಳಗೆ ನೋಡಿದ್ದೆಯಾ?"

ನಾಯಕ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅವತ್ತೂ ಕಂಬಳಿಯಲ್ಲೇ ಇತ್ತು," ಎಂದ ಕೊನೆಗೆ. "ಸುತ್ತಿಟ್ಟವನು ನಾನೇ."

ಕತ್ತಿ ಕುತ್ತಿಗೆಯಿಂದ ಜಾರಿತು. ಕೆಂಚಯ್ಯ ಆಗ ತಲೆಯೆತ್ತಿದ.

"ಸ್ವಾಮಿ, ಈಗ ನಾನೇನು ಮಾಡಲಿ?"

ಗುರುಗಳು ಉಳಿದ ನೀರು ಚೆಲ್ಲಿ, ಖಾಲಿ ಹೂಜಿಯನ್ನು ನಾಯಕನ ಕೈಗಿಟ್ಟರು.

"ಸಿದ್ದಣ್ಣನ ಹೆಂಡತಿ ಇನ್ನೂ ಬದುಕಿದ್ದಾಳೆ. ಇದನ್ನು ಹಿಡಿದು ಒಬ್ಬನೇ ಹೋಗು. ನಡೆದದ್ದು ಹೇಳು. ಆಮೇಲೆ ಆಕೆ ಇದರಲ್ಲಿ ಏನು ತುಂಬಿಕೊಟ್ಟರೂ, ಕುಡಿ."